ಒಳ್ಳಿನ ಮೇಲೆ ಬಸವಣ್ಣ

ಹೊಳೆಯ ದಂಡೆಗೆ ಒಂದು ಸಣ್ಣ ಮಠ. ಮಠದಲ್ಲಿ ಒಬ್ಬರು ಅಜ್ಜಾರು. ಬಾಯಲ್ಲಿ ಹಲ್ಲಿಲ್ಲ, ಮಾತಿನಲ್ಲಿ ಬೆಲ್ಲ ಇಲ್ಲ.

ಅಂಗಳದ ಬೇವಿನ ಗಿಡಕ್ಕೆ ಒಂದು ಕಲ್ಲಿನ ಬಸವಣ್ಣ ಒರಗಿಕೊಂಡಿತ್ತು. ಬುಡ ಒಡೆದ ಬಸವಣ್ಣ. ಯಾವ ಕಾಲದ್ದೋ ಏನೋ. ಅಜ್ಜಾರು ಅದರ ಕೊಂಬಿನ ಮೇಲೆ ತಮ್ಮ ಒದ್ದೆ ಪಂಜೆ ಒಣ ಹಾಕುತ್ತಿದ್ದರು.

ಯಮನೂರಪ್ಪ ದಿನಾ ಬಂದು ಮಠದ ಅಂಗಳ ಗುಡಿಸುತ್ತಿದ್ದ. ಹೆಂಡತಿ ಪಾರವ್ವ ತೀರಿಕೊಂಡ ಮೇಲೆ ಹಿಡಿದ ಕಸಬರಿಗೆ ಅದು. ಅಜ್ಜಾರು ಬಾ ಅಂದವರಲ್ಲ. ಬೇಡ ಅಂತಲೂ ಅಂದವರಲ್ಲ.

ಒಂದು ದಿನ ಅವನು ಗುಡಿಸಿದ್ದು ಕಡಿಮೆ, ಧೂಳು ಎಬ್ಬಿಸಿದ್ದೇ ಹೆಚ್ಚು.

"ಕಸಬರಿಗಿ ಏನ್ ತಪ್ಪು ಮಾಡೈತೋ?" ಅಂದರು ಅಜ್ಜಾರು.

"ಕಸಬರಿಗಿ ಅಲ್ರಿ. ರೋಡು."

"ಏನಾತು ರೋಡಿಗೆ?"

"ಅಗಲ ಮಾಡ್ತಾರಂತ್ರಿ."

"ಮಾಡ್ಲಿ. ನೀನೂ ಅದರ ಮ್ಯಾಲೇ ನಡೀತಿ."

ಯಮನೂರಪ್ಪ ಕಸಬರಿಗೆ ಒಗೆದು ಕೂತ.

"ಮೊದಲ ಅಳತಿಯವ ಒಬ್ಬ ಬಂದ್ರಿ. ನಮ್ಮ ಕಟ್ಟಿ ಮುಂದ ಹಳದಿ ಗೆರಿ ಎಳದ. ಕಟ್ಟಿ ಉಳೀತು ಅಂತ ದೀಪಾ ಹಚ್ಚಿದೆ. ಆಮ್ಯಾಲೆ ಇನ್ನೊಬ್ಬ ಬಂದ. ಹಳದಿ ತಪ್ಪು ಅಂದ. ಕಟ್ಟಿ ಹಿಂದ ಕೆಂಪು ಎಳದ. ಕಚೇರಿಗೆ ಹೋದ್ರ ಸಾಹೇಬ್ರಿಲ್ಲ. ಸಾಹೇಬ್ರಿದ್ರ ನಕಾಶೆ ಇಲ್ಲ. ನಕಾಶೆ ಸಿಕ್ರ ಅದರಾಗ ನಮ್ಮ ಓಣಿನ ಇಲ್ಲ!"

"ಓಣಿ ಇಲ್ಲ ಅಂದ ಮ್ಯಾಲೆ ಕೆಡವೂದು ಏನನ್ನ?"

"ನಾನೂ ಅದನ್ನ ಕೇಳ್ದೆ. ಅರ್ಜಿ ಕೊಡು ಅಂದ್ರು."

ಅಜ್ಜಾರು ವಸಡು ಚೀಪಿದರು. ನಗು ಬಂದಾಗ ಅವರು ಹಾಗೆ ಮಾಡುತ್ತಿದ್ದರು.

ಮನೆ ಹೋಗುತ್ತಿರಲಿಲ್ಲ. ಹೋಗುವುದು ಮನೆಯ ಮುಂದಿನ ಕಟ್ಟೆ ಮಾತ್ರ. ಕಟ್ಟೆಗೆ ಒಂದು ದೊಡ್ಡ ಹಾಸುಗಲ್ಲು. ಕಲ್ಲಿನ ನಡುವೆ ಖಾರ ಕುಟ್ಟುವ ಕುಳಿ. ಒಳ್ಳು ಅನ್ನುತ್ತಾರೆ ಆ ಕಡೆ.

ಪಾರವ್ವ ಅಲ್ಲಿ ಕುಟ್ಟುತ್ತಿದ್ದಳು. ಒಬ್ಬಳೇ ಅಲ್ಲ. ಎದುರು ಮನೆಯ ಕಾಶವ್ವನೂ ರಸ್ತೆ ದಾಟಿ ಒನಕೆ ಹಿಡಿದು ಬರುತ್ತಿದ್ದಳು. ಒಬ್ಬರ ಒನಕೆ ಮೇಲೆ ಹೋದರೆ ಇನ್ನೊಬ್ಬರದು ಕೆಳಗೆ. ಆ ಸದ್ದಿಗೆ ಯಮನೂರಪ್ಪನಿಗೆ ಬೆಳಗಾಗುತ್ತಿತ್ತು. ಈಗ ಸೂರ್ಯ ಹುಟ್ಟಿದ್ದಕ್ಕೆ ಬೆಳಗಾಗುತ್ತದೆ, ಅಷ್ಟೆ.

"ಕಲ್ಲು ಎತ್ತಿ ಒಳಗ ಹಾಕ್ಕೊ," ಅಂದರು ಅಜ್ಜಾರು.

"ಒಳಗ ಹಾಕಿದ್ರ ಅದು ಬರೇ ಕಲ್ರಿ."

"ಹೊರಗಿದ್ರ?"



"ಹೊರಗಿದ್ರ ಆಕಿ ಇದ್ದಂಗ ಇರ್ತೈತ್ರಿ."

ಅವನ ಕಣ್ಣು ಬೇವಿನ ಗಿಡದ ಕಡೆ ಹೋಯಿತು.

"ನಿಮ್ಮ ಈ ಬಸವಣ್ಣನ್ನ ನನಗ ಕೊಡ್ರಿ," ಅಂದ ಯಮನೂರಪ್ಪ.

"ಯಾಕ?"

"ದೇವರನ್ನ ಅವರು ಮುಟ್ಟಂಗಿಲ್ರಿ. ಮ್ಯಾಲಿನ ಓಣ್ಯಾಗ ಪತ್ತಾರ ಈರಣ್ಣನ ಮನಿ ಮುಂದ ನಾಗಪ್ಪ ಹುಟ್ಯಾನ. ಗೆರಿ ಸುತ್ತ ಹಾಕ್ಕೊಂಡು ಹೋತು."

"ಯಾವಾಗ ಹುಟ್ಟಿದ ನಾಗಪ್ಪ?"

"ಮೊನ್ನೆ ಮಂಗಳವಾರ್ರಿ."

"ಬಾಣಂತನ ಯಾರು ಮಾಡಿದ್ರು?"

"ಚಾಷ್ಟಿ ಬ್ಯಾಡ್ರಿ ಅಜ್ಜಾರ. ನನ್ನ ಹೊಟ್ಟಿ ಉರಿಯಾಕತ್ತೈತಿ."

ಅಜ್ಜಾರು ಎದ್ದರು. ಬಸವಣ್ಣನ ಕೊಂಬಿನಿಂದ ಪಂಜೆ ತೆಗೆದು ಹೆಗಲಿಗೆ ಹಾಕಿಕೊಂಡರು.

"ಒಯ್ಯಿ. ಆದ್ರ ಅದು ನಿಲ್ಲಂಗಿಲ್ಲ. ಬುಡ ಇಲ್ಲ ಅದಕ್ಕ."

"ನಾ ನಿಲ್ಲಸ್ತೀನ್ರಿ."

"ಗೊತ್ತೈತಿ," ಅಂದರು ಅಜ್ಜಾರು. ಆ ದನಿಯಲ್ಲಿ ದಣಿವಿತ್ತು. ಯಮನೂರಪ್ಪನಿಗೆ ಅದು ಕೇಳಲಿಲ್ಲ. ಅವನು ಆಗಲೇ ಕೈಗಾಡಿ ತರಲು ಓಡಿದ್ದ.

ಮರುದಿನ ಅಳತೆಯವರು ಮತ್ತೆ ಬಂದರು, ಮಧ್ಯಾಹ್ನ ಊಟಕ್ಕೆ ಹೋದರು. ಯಮನೂರಪ್ಪ ಬಸವಣ್ಣನನ್ನು ಕಟ್ಟೆಗೆ ಏರಿಸಿದ. ಎಲ್ಲಿ ಇಟ್ಟರೂ ಅದು ಮಗ್ಗುಲಿಗೆ ಬೀಳುತ್ತಿತ್ತು. ಕೊನೆಗೆ ಬುಡವನ್ನು ಒಳ್ಳಿನ ಕುಳಿಗೆ ಇಳಿಸಿದ. ಸರಿಯಾಗಿ ಕೂತಿತು. ಸುತ್ತಲೂ ಸಿಮೆಂಟ್ ಕಲಸಿ ತುಂಬಿದ. ಕರಣೆಯಿಂದ ಒರೆಸಿದ. ವಿಭೂತಿ ಬಳಿದ, ಹೂವಿಟ್ಟ, ಊದಿನಕಡ್ಡಿ ಹಚ್ಚಿದ.

ಅಳತೆಯ ಸಾಹೇಬ ಹಲ್ಲಿಗೆ ಕಡ್ಡಿ ಹಾಕಿಕೊಳ್ಳುತ್ತ ಬಂದ. ಬಸವಣ್ಣನನ್ನು ನೋಡಿ ಕಡ್ಡಿ ಒಗೆದು ಕೈ ಮುಗಿದ. ಮುಗಿದ ಮೇಲೆ ಅವನಿಗೆ ಸಿಟ್ಟು ಬಂತು.

"ಮುಂಜಾನೆ ಇದು ಇರ್ಲಿಲ್ಲಲ್ಲೋ ಯಜಮಾನ?"

"ಇತ್ರಿ. ನಿಮಗ ಕಂಡಿರ್ಲಿಲ್ಲ."

"ಸಿಮೆಂಟ್ ಇನ್ನಾ ಹಸಿ ಐತಿ!"

"ಈಗರೆ ಅಭಿಷೇಕ ಆತಲ್ರಿ."

ಸಾಹೇಬ ಹಣೆ ಬಡಿದುಕೊಂಡ. "ಪ್ರತಿ ಓಣ್ಯಾಗ ಒಂದೊಂದು ದೇವರು. ನಾವು ರೋಡು ಮಾಡೂದೋ, ಜಾತ್ರಿ ಮಾಡೂದೋ? ನೋಡು, ರೋಡಿಗೆ ಇಷ್ಟು ಅಗಲ ಬೇಕು ಅಂದ್ರ ಬೇಕು. ಈ ಕಡೆ ಬಿಟ್ಟಿದ್ದನ್ನ ಆ ಕಡೆ ತಗೋತೀವಿ."

"ನನ್ನ ಕಡೆ ಬಿಟ್ರ ಸಾಕ್ರಿ," ಅಂದ ಯಮನೂರಪ್ಪ.

ಟೇಪು ಎದುರು ಬದಿಗೆ ಎಳೆದರು. ಕೆಂಪು ಗೆರೆ ಕಾಶವ್ವನ ಬಾಗಿಲು ದಾಟಿ ಒಳಗೆ ಹೋಯಿತು.

ಕಾಶವ್ವನದು ಒಂದೇ ಖೋಲಿ. ಬಾಗಿಲಿಗೇ ಒಲೆ. ಒಲೆಯ ಮುಂದೆ ಬಡಿದ ಜೋಳದ ರೊಟ್ಟಿ ಓಣಿಗೆಲ್ಲ ಮಾರಿ ಅವಳು ಬದುಕುತ್ತಿದ್ದಳು. ಗೆರೆ ಒಲೆಯ ಹಿಂದೆ ಬಿತ್ತು.

ಕೈಗೆ ಹಿಟ್ಟು ಹತ್ತಿಕೊಂಡೇ ಅವಳು ಹೊರಗೆ ಬಂದಳು. ಗೆರೆ ನೋಡಿದಳು. ಬಸವಣ್ಣನನ್ನು ನೋಡಿದಳು. ಆಮೇಲೆ ಯಮನೂರಪ್ಪನನ್ನು.

"ಅಣ್ಣಾ, ನಿನ್ನ ಬಸವಣ್ಣ ಕುಂತಿದ್ದು ನಿನ್ನ ಕಟ್ಟಿ ಮ್ಯಾಲಲ್ಲ. ನನ್ನ ಒಲಿ ಮ್ಯಾಲೆ."

"ಗೆರಿ ನಾ ಎಳದೀನೇನು ತಂಗಿ? ಅವರನ್ನ ಕೇಳು."

"ಅವರನ್ನ ಏನ್ ಕೇಳ್ಲಿ? ಅವರಿಗೆ ನಾನು ಯಾರು? ನಿನಗ ಗೊತ್ತಲ್ಲ ನಾ ಯಾರು ಅಂತ. ಇನ್ನೂ ಒಂದ್ ಮಾತು ಹೇಳ್ತೀನಿ ಕೇಳು..."

"ನನಗ ಕೇಳಾಕ ಆಗಂಗಿಲ್ಲ!"

ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಅವಳು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದಳು. ಹೊಗೆ ವಾಸನೆ ಬಂತು. ಒಳಗೆ ರೊಟ್ಟಿ ಸೀದಿತ್ತು.

ಅವತ್ತಿನಿಂದ ಕಾಶವ್ವ ಅವನಿಗೆ ರೊಟ್ಟಿ ಕೊಡಲಿಲ್ಲ.

ಬಸವಣ್ಣನಿಗೆ ಮಂದಿ ಹತ್ತಿತು. ಯಾರೋ ಗಂಟೆ ಕಟ್ಟಿದರು. ಯಾರೋ ಕಾಯಿ ಒಡೆದರು. ಹೋಗುವವರು ಬರುವವರು ಚಪ್ಪಲಿ ಬಿಟ್ಟು ಕಟ್ಟೆ ಏರಿದರು. ಯಮನೂರಪ್ಪ ಮಠಕ್ಕೆ ಬಂದು ಕಸಬರಿಗೆ ಮುಟ್ಟದೆ ಕೂತ.

"ಈಗ ಏನು?" ಅಂದರು ಅಜ್ಜಾರು.

"ಸಾಕಾಗೈತ್ರಿ. ಮುಂಜಾನಿಂದ ಢಣ್ ಢಣ್ ಢಣ್. ನನ್ನ ಕಟ್ಟಿ ಮ್ಯಾಲೆ ಕುಂದ್ರಾಕ ನನಗ ಜಾಗಾ ಇಲ್ಲ. ಅತ್ತ ಸರಿ ಯಜಮಾನ, ದರ್ಶನಕ್ಕ ಅಡ್ಡ ಆಗ್ತಿ ಅಂತಾರ. ಕಾಶವ್ವ ಮಾರಿ ತಿರುವ್ಯಾಳ. ನಾ ಏನ್ ಮಾಡೀನಿ? ನಂದು ನಾ ಉಳಿಸ್ಕೊಂಡೆ. ಅದೂ ತಪ್ಪೇನ್ರಿ?"

"ಕಟ್ಟಿ ಉಳೀತು?"

"ಉಳೀತ್ರಿ."

"ಒಳ್ಳು?"

"ಅದೂ ಉಳೀತ್ರಿ."

"ಹಂಗಾರ ನಾಳೆ ಬರ್ತೀನಿ. ಹುರದ ಶೇಂಗಾ ಅದಾವು, ಹಲ್ಲಿಲ್ಲ. ನಿನ್ನ ಒಳ್ಳಿನಾಗ ಕುಟ್ಟಿ ಕೊಡು."

ಅಜ್ಜಾರು ಯಾರ ಮನೆಗೂ ಹೋದವರಲ್ಲ. ಯಮನೂರಪ್ಪನಿಗೆ ಖುಷಿಯಾಯಿತು. ಮನೆ ಸಾರಿಸಿದ. ಅಟ್ಟದ ಮೇಲಿದ್ದ ಪಾರವ್ವನ ಒನಕೆ ಇಳಿಸಿದ. ಅವಳು ಹೋದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ತೊಳೆದು ಬಿಸಿಲಿಗೆ ಇಟ್ಟ.

ಅಜ್ಜಾರು ಬಂದರು. ಸೊಂಟದಿಂದ ಶೇಂಗಾದ ಗಂಟು ಬಿಚ್ಚಿದರು. ಕಟ್ಟೆಯ ಅಂಚಿಗೆ ಕೂತರು. ಬಸವಣ್ಣನ ಕಡೆ ನೋಡಲೂ ಇಲ್ಲ.

"ಕುಟ್ಟು."

ಯಮನೂರಪ್ಪ ಒನಕೆ ಎತ್ತಿದ.

ಎತ್ತಿದ ಒನಕೆ ಹಾಗೇ ನಿಂತಿತು.

ಕೆಳಗೆ ಸಿಮೆಂಟ್ ಇತ್ತು. ಸಿಮೆಂಟಿನ ಮೇಲೆ ಬಸವಣ್ಣ ಇತ್ತು. ಕುಂಕುಮ, ಕಾಯಿನೀರು, ಬಾಡಿದ ಹೂವು ಇದ್ದವು. ಕುಳಿ ಇರಲಿಲ್ಲ.

"ಎಲ್ಲಿ ಕುಟ್ಲಿ ಅಜ್ಜಾರ?"

"ನನಗ ಕೇಳ್ತಿ? ಉಳೀತು ಅಂದವ ನೀನು."

ಯಮನೂರಪ್ಪ ಒನಕೆ ಇಳಿಸಿದ. ಮೊಣಕಾಲೂರಿ ಅಂಗೈಯಿಂದ ಸಿಮೆಂಟ್ ಸವರಿದ. ಹೂವು ಸರಿಸಿ ಮತ್ತೆ ಸವರಿದ. ಆಕೆ ದಿನಾ ಕುಟ್ಟಿ ಕುಟ್ಟಿ ನುಣ್ಣಗೆ ಮಾಡಿದ ಜಾಗ. ಅವನೇ ಕಲಸಿದ್ದ, ಅವನೇ ತುಂಬಿದ್ದ, ಅವನೇ ಕರಣೆ ಹಿಡಿದು ಒರೆಸಿದ್ದ. ಆಗ ಅವನಿಗೆ ಗೆರೆ ಮಾತ್ರ ಕಾಣುತ್ತಿತ್ತು.

ಎದುರು ಬಾಗಿಲಲ್ಲಿ ಕಾಶವ್ವ ನಿಂತಿದ್ದಳು.

"ಆವತ್ತ ಇದನ್ನ ಹೇಳಾಕ ಬಂದಿದ್ದೆ ಅಣ್ಣಾ," ಅಂದಳು. "ನೀ ಬಾಗಲಾ ಹಾಕ್ಕೊಂಡಿ. ಆ ಕುಳಿ ಪಾರವ್ವನ ಒಬ್ಬಾಕಿದು ಅಲ್ಲ. ಅರ್ಧ ನಂದು. ಮುಚ್ಚೂ ಮುಂದ ನನ್ನ ಒಂದ್ ಮಾತು ಕೇಳಬೇಕಿತ್ತು."

ಯಮನೂರಪ್ಪ ಅಜ್ಜಾರ ಕಡೆ ತಿರುಗಿದ.

"ನೀವು ತಗೀರಿ ಅಜ್ಜಾರ, ಈ ಬಸವಣ್ಣನ್ನ."

"ಕುಂದ್ರಿಸಿದವರು ಯಾರು?"

"ನಾನ್ರಿ."

"ಎಬ್ಬಿಸು."

"ಮಂದಿ ಬೈತಾರ್ರಿ. ಕಾಯಿ ಒಡದಾರ."

"ಕಾಯಿ ಒಡದವರು ಚೂರು ತಿಂದಾರಲ್ಲ. ಲೆಕ್ಕ ಮುಗೀತು."

"ದೇವರು ಸಿಟ್ಟಾದ್ರ?"

ಅಜ್ಜಾರಿಗೆ ತಾಳ್ಮೆ ಹೋಯಿತು. "ಅದರ ಕೊಂಬಿಗೆ ನಾ ಇಷ್ಟು ವರ್ಷ ಪಂಜೆ ಹಾಕೀನಿ. ನನ್ನ ಮ್ಯಾಲೆ ಸಿಟ್ಟಾಗಿಲ್ಲ. ನಿನ್ನ ಮ್ಯಾಲೆ ಆಗಾಕ ನೀ ಏನ್ ದೊಡ್ಡಾಂವೋ?"

ಶೇಂಗಾದ ಗಂಟು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದರು.

"ಕಡಲಿ ಇದ್ದವನಿಗೆ ಹಲ್ಲಿಲ್ಲ. ಹಲ್ಲಿದ್ದವ ಒಳ್ಳು ಮುಚ್ಚಿಕೊಂಡು ಕುಂತಾನ," ಅಂತ ತಮ್ಮಷ್ಟಕ್ಕೇ ಗೊಣಗುತ್ತ ಹೊಳೆಯ ಕಡೆ ಹೋದರು.

ಯಮನೂರಪ್ಪ ಉಳಿ, ಸುತ್ತಿಗೆ ತಂದ. ಕಟ್ಟೆ ಏರಿ ಬಂದವರು ಬೈದರು. ಅವನು ಒಡೆಯುತ್ತಲೇ ಇದ್ದ. ಬಸವಣ್ಣ ಎದ್ದಿತು. ಸಿಮೆಂಟ್ ಚೂರು ಚೂರಾಗಿ ಬಂತು. ಅದರ ಜೊತೆ ಕಲ್ಲಿನ ನುಣುಪೂ ಅಲ್ಲಲ್ಲಿ ಕಿತ್ತು ಬಂತು. ಅದಕ್ಕೆ ಅವನು ಏನೂ ಮಾಡುವಂತಿರಲಿಲ್ಲ.

ಆಮೇಲೆ ಅಳತೆಯ ಸಾಹೇಬನನ್ನು ಹುಡುಕಿಕೊಂಡು ಹೋದ.

"ಗೆರಿ ಮೊದಲಿನಂಗ ಎಳೀರಿ. ದೇವರು ಎದ್ದು ಹೋದ."

"ಏ ಯಜಮಾನ, ಮೊನ್ನೆ ದೇವರು ಅಂತಿ, ಇವತ್ತ ಎದ್ದ ಅಂತಿ. ನಾಳೆ ಮತ್ತ ಬಂದು ಕುಂತ್ರ?"

"ಬರಂಗಿಲ್ರಿ. ಮಠಕ್ಕ ಮುಟ್ಟಿಸಿ ಬಂದೀನಿ."

"ಬಣ್ಣ ಯಾರಪ್ಪಂದು?" ಅಂತ ಸಾಹೇಬ ಕೂಗಾಡಿದ. ಕೂಗಾಡಿದರೂ ಬಂದು ಗೆರೆ ಬದಲಿಸಿದ. ನೆಟ್ಟಗಿನ ರೋಡು ಮಾಡುವುದು ಅವನಿಗೂ ಸಲೀಸಿತ್ತು.

ಜೆಸಿಬಿ ಬಂತು. ಕಾಶವ್ವನ ಮನೆಯ ಮುಂದಿನ ತಗಡಿನ ಚಪ್ಪರ ಹೋಯಿತು. ಒಲೆ ಉಳಿಯಿತು. ಯಮನೂರಪ್ಪನ ಕಟ್ಟೆಗೆ ಹಲ್ಲು ಹಾಕಿದಾಗ ಅವನು ಕೈ ಅಡ್ಡ ಮಾಡಿದ.

"ಆ ಹಾಸುಗಲ್ಲು ಒಡೀಬ್ಯಾಡಪ್ಪಾ. ಮೆಲ್ಲಕ ಎತ್ತು."

ಜೆಸಿಬಿಯವನು ಕಲ್ಲು ಎತ್ತಿದ. "ಎಲ್ಲಿ ಇಡ್ಲಿರಿ? ಮನಿ ಒಳಗ?"

ಯಮನೂರಪ್ಪ ತನ್ನ ಬಾಗಿಲು ನೋಡಿದ. ಒಳಗೆ ಕತ್ತಲಿತ್ತು. ಎದುರು ನೋಡಿದ. ಒಲೆ ಉರಿಯುತ್ತಿತ್ತು.

"ಆ ಕಡೆ," ಅಂದ.

ಕಾಶವ್ವ ಒಲೆಯ ಮಗ್ಗುಲಿನ ಕಟ್ಟಿಗೆ ಸರಿಸಿ ಕಲ್ಲಿಗೆ ಜಾಗ ಮಾಡಿದಳು.

ಮರುದಿನ ಅವನು ಮಠಕ್ಕೆ ಹೋಗಿ ಶೇಂಗಾ ಇಸಿದುಕೊಂಡು ಬಂದ. ಪಾರವ್ವನ ಒನಕೆ ಹೊತ್ತು ರಸ್ತೆ ದಾಟಿದ. ರಸ್ತೆ ಈಗ ಅಗಲವಾಗಿತ್ತು. ದಾಟಲು ಹೊತ್ತು ಹಿಡಿಯಿತು. ಲಾರಿಯವನೊಬ್ಬ ಬೈದು ಹೋದ.

ಕಾಶವ್ವ ಒನಕೆ ಹಿಡಿದು ಎದುರು ನಿಂತಳು. ಅವಳದು ಮೇಲೆ ಹೋಯಿತು. ಅವನದೂ ಮೇಲೆ ಹೋಯಿತು. ಎರಡೂ ಒಟ್ಟಿಗೆ ಬಂದು ಗಾಳಿಯಲ್ಲಿ ಬಡಿದುಕೊಂಡವು.

"ಅಯ್ಯ ಶಿವನ! ನನ್ನ ಕೈ ಮುರೀತಿಯೇನು? ನಾ ಎತ್ತಿದಾಗ ನೀ ಇಳಸು. ಇಷ್ಟು ವರ್ಷ ಹಾಸಿಗಿ ಒಳಗ ಬಿದ್ಕೊಂಡು ಏನ್ ಕೇಳಿದಿ?"

"ಸದ್ದು ಕೇಳೀನಿ. ಕುಟ್ಟಿಲ್ಲ."

"ಗೊತ್ತಾಗ್ತೈತಿ. ಪಾರವ್ವ ಇದ್ದಿದ್ರ ನಿನ್ನ ತಲಿ ಮ್ಯಾಲೇ ಇಳಸ್ತಿದ್ಲು."

ಅವನಿಗೆ ನಗು ಬಂತು. ನಗುತ್ತಿದ್ದ ಹಾಗೇ ಕಣ್ಣು ಒರೆಸಿಕೊಂಡ. ಕಾಶವ್ವ ಒಲೆಯ ಕಡೆ ತಿರುಗಿ, ಉರಿಯುತ್ತಿದ್ದ ಬೆಂಕಿಗೇ ಮತ್ತೆ ಕಟ್ಟಿಗೆ ಹಾಕಿದಳು. ಆಮೇಲೆ ಇಬ್ಬರೂ ಮತ್ತೆ ಕುಟ್ಟಿದರು.

ಪುಡಿಯನ್ನು ಮುತ್ತಲ ಎಲೆಯಲ್ಲಿ ಕಟ್ಟಿ ಅವನು ಮಠಕ್ಕೆ ತಂದ. ಬಸವಣ್ಣ ಮತ್ತೆ ಬೇವಿನ ಗಿಡಕ್ಕೆ ಒರಗಿತ್ತು. ಕೊಂಬಿನ ಮೇಲೆ ಒದ್ದೆ ಪಂಜೆ ಇತ್ತು.

ಅಜ್ಜಾರು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರು. ಬಹಳ ಹೊತ್ತು ವಸಡಿನಲ್ಲಿ ಆಡಿಸಿದರು. ಮುಖ ಕಿವುಚಿದರು.

"ಹೆಂಗೈತ್ರಿ ಅಜ್ಜಾರ?"

"ಇನ್ನಾ ಸಿಮೆಂಟ್ ಬರಾಕತ್ತೈತಿ. ನಾಳೆ ಮತ್ತ ಕುಟ್ರಿ, ಇಬ್ರೂ."