ಚರ್ಚಿನಲ್ಲಿ ನಕ್ಕವನು

ಮೊದಲೇ ಕ್ಷಮೆ ಕೇಳುತ್ತೇನೆ. ನನಗೆ ಕತೆ ಹೇಳಿ ಅಭ್ಯಾಸವಿಲ್ಲ. ಇದನ್ನು ನಮ್ಮ ಗುರುಗಳಾದ ಚೌರಪ್ಪನವರು ಹೇಳಿದಾಗ ಕೂತವರು ಕೂತಲ್ಲೇ ಇದ್ದರು. ನಾನು ಹೇಳಿದರೆ ಹಾಗಾಗಲಾರದು. ಅವರು ಒಂದು ಮಾತಿನಲ್ಲಿ ಮುಗಿಸಿದ್ದನ್ನು ನಾನು ಎಳೆಯುತ್ತೇನೆ. ಎಲ್ಲಿ ಯಾರಿಗೆ ಅರ್ಥವಾಗದೆ ಹೋಗುತ್ತದೋ ಎಂಬ ಭಯ ನನಗೆ. ಎಳೆದದ್ದು ಹೆಚ್ಚಾಯಿತು ಅನ್ನಿಸಿದರೆ ಅದು ನನ್ನದು, ಉಳಿದದ್ದು ಅವರದು ಎಂದು ತಿಳಿದುಕೊಳ್ಳಿ.

ಚೌರಪ್ಪನವರು ನಮ್ಮ ಚರ್ಚಿನ ಉಪದೇಶಿಗಳು. ಉಪದೇಶಿ ಎಂದರೆ ಪಾದ್ರಿಯಲ್ಲ. ಜಪ, ಹಾಡು, ಧರ್ಮದ ಪಾಠ ಇವನ್ನು ಕಲಿಸುವವರು. ನಾವು ಕೆಲವರು ಅವರ ಬಳಿ ಕಲಿಯುತ್ತಿದ್ದೆವು. ಒಂದು ದಿನ ಪಾಠ ಮುಗಿದ ಮೇಲೆ ಜೋಜಪ್ಪ ಕೇಳಿದ:

"ಗುರುಗಳೇ, ಚೆನ್ನಾಗಿಲ್ಲದ್ದನ್ನು ಚೆನ್ನಾಗಿದೆ ಎಂದರೆ ಯಾರಿಗೇನು ನಷ್ಟ? ಕೇಳಿದವರಿಗೆ ಸಂತೋಷ, ಹೇಳಿದವರಿಗೆ ನೆಮ್ಮದಿ."

ಜೋಜಪ್ಪ ಕೊಂಕಿಗೆ ಕೇಳಿದ್ದಲ್ಲ. ಅವನು ಯಾರ ಮನಸ್ಸನ್ನೂ ನೋಯಿಸಲಾರದವನು. ಗುರುಗಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಈ ಕತೆ ಹೇಳಿದರು.

ಒಬ್ಬ ದೊರೆ ಇದ್ದ. ಅವನ ರಾಣಿ ಪ್ರತಿ ಕ್ರಿಸ್‌ಮಸ್ ಬೆಳಗ್ಗೆ ಚರ್ಚಿಗೆ ಬಂದು ಗೋದಲಿಯ ಮುಂದೆ ನಿಂತು ಪಿಟೀಲು ನುಡಿಸುತ್ತಿದ್ದಳು. ಗೋದಲಿ ಎಂದರೆ ಬಾಲಯೇಸುವನ್ನು ಹುಲ್ಲಿನ ಮೇಲೆ ಮಲಗಿಸಿ ಕಟ್ಟುವ ಕೊಟ್ಟಿಗೆ. ಅವಳು ನುಡಿಸುತ್ತಿದ್ದದ್ದು ಒಂದು ಜೋಗುಳ. ಅದು ಅರಮನೆಯ ಹಾಡೇನಲ್ಲ. ಆ ಊರಿನ ಎಲ್ಲ ತಾಯಂದಿರೂ ತಮ್ಮ ಮಕ್ಕಳನ್ನು ಅದೇ ಹಾಡಿನಿಂದ ಮಲಗಿಸುತ್ತಿದ್ದರು. ಇದನ್ನು ದಯವಿಟ್ಟು ಗಮನದಲ್ಲಿಡಿ. ಆ ಜೋಗುಳ ಬಾರದವರು ಆ ಊರಿನಲ್ಲಿ ಇರಲಿಲ್ಲ. ಬಾರದಿದ್ದವನು ದೊರೆ ಒಬ್ಬನೇ, ಏಕೆಂದರೆ ಅವನನ್ನು ಬೇರೆ ದೇಶದ ದಾದಿಯರು ಬೆಳೆಸಿದ್ದರು.

ರಾಣಿ ಸತ್ತಳು. ಅವಳಿಗೊಬ್ಬಳು ಚಿಕ್ಕ ಮಗಳು. ತಾಯಿ ಹೋದ ದಿನದಿಂದ ಮಗು ನಿದ್ದೆ ಮಾಡಲಿಲ್ಲ. ಕಣ್ಣು ಮುಚ್ಚಿದರೆ ಬೆಚ್ಚುತ್ತಿತ್ತು. ಅಮ್ಮನ ಹಾಡು ಬೇಕು ಎನ್ನುತ್ತಿತ್ತು. ವೈದ್ಯರು ಬಂದು ನೋಡಿ, ಹೀಗೇ ಆದರೆ ಮಗು ಉಳಿಯುವುದು ಕಷ್ಟ ಎಂದರು.

ದೊರೆ ರಾಣಿಯ ಪಿಟೀಲನ್ನು ತೆಗೆದುಕೊಂಡು ಬಾಗಿಲು ಹಾಕಿಕೊಂಡ. ಕಿವಿಯಲ್ಲಿ ಉಳಿದಿದ್ದಷ್ಟನ್ನು ಹಿಡಿದು ಆ ಜೋಗುಳವನ್ನು ತಾನೇ ಕಲಿತ. ನಾಲ್ಕು ಸಾಲಿನ ಹಾಡು. ಮೂರು ಸಾಲು ಹೇಗೋ ಬಂತು. ಒಂದು ಸಾಲಿನಲ್ಲಿ ಮಾತ್ರ ಸ್ವರ ಇಳಿಯಬೇಕಾದ ಕಡೆ ಅವನು ಏರಿದ. ತಾನು ಏರಿದ್ದು ಅವನಿಗೆ ಗೊತ್ತಾಗಲಿಲ್ಲ. ಮಗುವಿಗೆ ಗೊತ್ತಾಯಿತು. ಆ ಸಾಲು ಬಂದಾಗ ಮಗು ಕಣ್ಣು ಬಿಟ್ಟು, "ಇದಲ್ಲ" ಎಂದಿತು. ಯಾವುದು ಅಲ್ಲ, ಹೇಗೆ ಅಲ್ಲ ಎಂದು ಹೇಳುವ ವಯಸ್ಸು ಅದಕ್ಕಿರಲಿಲ್ಲ.

ಇಲ್ಲಿ ನೀವು ಕೇಳಬಹುದು, ಅರಮನೆಯ ದಾದಿ ಸರಿಯಾಗಿ ಹಾಡಿ ಮಲಗಿಸಬಹುದಿತ್ತಲ್ಲ ಎಂದು. ನಾವೂ ಕೇಳಿದೆವು. ಗುರುಗಳು ಹೇಳಿದ್ದು ಹೀಗೆ: ದಾದಿಗೆ ಹಾಡು ಬರುತ್ತಿತ್ತು. ಅವಳು ಅದನ್ನೇ ಹಾಡಿ ತನ್ನ ಮಕ್ಕಳನ್ನು ಬೆಳೆಸಿದ್ದಳು. ಆದರೆ ದೊರೆ ನುಡಿಸುವುದನ್ನು ಬಾಗಿಲ ಹೊರಗೆ ನಿಂತು ಕೇಳಿದ ಮೇಲೆ ಅವಳೂ ಆ ಸಾಲನ್ನು ಏರಿಸಿಯೇ ಹಾಡಿದಳು. ದೊರೆಯನ್ನು ತಿದ್ದಿದ ಹಾಗಾಗಬಾರದು ಎಂದು. ದೊರೆ ಅವಳನ್ನು, "ಸರಿಯಾಗಿದೆಯೇ?" ಎಂದು ಕೇಳಿದ. "ರಾಣಿಯವರೇ ನುಡಿಸಿದ ಹಾಗಿದೆ ಪ್ರಭು" ಎಂದಳು. ಮಂತ್ರಿಯನ್ನು ಕೇಳಿದ. "ರಾಣಿಯವರಿಗಿಂತ ಒಂದು ಕೈ ಮೇಲು" ಎಂದ.

ಆಗ ದೊರೆ ಯೋಚಿಸಿದ. ಅರಮನೆಯವರು ಹೆದರುತ್ತಾರೆ. ಊರಿನವರ ಮುಂದೆ ನುಡಿಸುತ್ತೇನೆ. ಅಷ್ಟು ಜನರಲ್ಲಿ ಒಬ್ಬನಾದರೂ ಹೇಳದೆ ಇರುತ್ತಾನೆಯೇ?

ಕ್ರಿಸ್‌ಮಸ್ ಬೆಳಗ್ಗೆ ಅವನು ಪಿಟೀಲು ಹಿಡಿದು ಗೋದಲಿಯ ಮುಂದೆ ನಿಂತ. ಚರ್ಚು ತುಂಬಿತ್ತು. ಅವನು ನುಡಿಸತೊಡಗಿದ. ಆ ಸಾಲು ಬಂತು. ಸ್ವರ ಏರಿತು. ಕೂತಿದ್ದ ತಾಯಂದಿರಿಗೆಲ್ಲ ಗೊತ್ತಾಯಿತು. ಅವರ ಮಡಿಲಲ್ಲಿದ್ದ ಮಕ್ಕಳು ಕತ್ತು ಎತ್ತಿ ನೋಡಿದವು. ತಾಯಂದಿರು ಮಕ್ಕಳ ತಲೆಯನ್ನು ಮೆಲ್ಲಗೆ ಕೆಳಗೆ ಒತ್ತಿದರು.

ಆಗ ಹಿಂದಿನ ಬೆಂಚಿನಲ್ಲಿ ಒಬ್ಬ ಬಡಗಿ ನಕ್ಕ.

ಅದು ಹಂಗಿಸುವ ನಗುವಲ್ಲ. ಈ ಬಡಗಿಗೆ ಮೊದಲ ಮಗು ಹುಟ್ಟಿದಾಗ ಅವನೂ ಆ ಜೋಗುಳ ಹಾಡಲು ಹೋಗಿ ಅದೇ ಸಾಲಿನಲ್ಲಿ ಹೀಗೆಯೇ ಏರಿದ್ದ. ಅವನ ಹೆಂಡತಿ ಅದನ್ನು ಇಂದಿಗೂ ಹೇಳಿ ಆಡಿಕೊಳ್ಳುತ್ತಿದ್ದಳು. ದೊರೆಯೂ ತನ್ನ ಹಾಗೆಯೇ ಒಬ್ಬ ತಂದೆ ಎಂದು ಆ ಗಳಿಗೆಯಲ್ಲಿ ಅವನಿಗೆ ಅನ್ನಿಸಿತು. ನಗು ಬಂದುಬಿಟ್ಟಿತು. ಒಂದೇ ಸಲ, ಚಿಕ್ಕದಾಗಿ. ಆದರೆ ಚರ್ಚು ನಿಶ್ಶಬ್ದವಾಗಿತ್ತು.

ಪೂಜೆ ಮುಗಿಯಿತು. ಜನ ಮೆಟ್ಟಿಲ ಮೇಲೆ ನಿಂತು ಮಾತಾಡಿಕೊಂಡರು. ಅರಮನೆಯವರು ಅಲ್ಲೇ ಓಡಾಡುತ್ತಿದ್ದರು, ಆದ್ದರಿಂದ ಎಲ್ಲರೂ ಸ್ವಲ್ಪ ಗಟ್ಟಿಯಾಗಿಯೇ ಮಾತಾಡಿದರು.

ಒಬ್ಬ ವರ್ತಕ ಹೇಳಿದ: "ಪಿಟೀಲೇನ್ರೀ ಅದು, ಜೇನು. ನನಗಂತೂ ಕಣ್ಣಲ್ಲಿ ನೀರು ನಿಲ್ಲಲಿಲ್ಲ."

"ನಿಮಗೆ ಮೊನ್ನೆಯಿಂದ ನೆಗಡಿ, ಯಜಮಾನರೇ" ಎಂದ ಪಕ್ಕದ ಕುಂಬಾರ.

ವರ್ತಕ ಅವನನ್ನು ನೋಡಿದ. ಕುಂಬಾರ ತಕ್ಷಣ, "ನನಗೂ ಬಂತು ನೀರು. ನೆಗಡಿ ಇಲ್ಲದೇನೇ ಬಂತು" ಎಂದ.

ಇತ್ತ ದೊರೆ ಅರಮನೆ ಸೇರಿದ. ರಾಣಿ ಸತ್ತ ಮೇಲೆ ಅವನ ಮುಖದಲ್ಲಿ ಗೆಲುವು ಕಂಡದ್ದು ಅಂದೇ ಮೊದಲು. ಯಾರೋ ಒಬ್ಬನಿಗೆ ತಪ್ಪು ಕೇಳಿಸಿದೆ. ಕೇಳಿಸಿದವನಿಗೆ ತಿದ್ದಲೂ ಬರುತ್ತದೆ. ಅವನು ಮಗುವನ್ನು ಎತ್ತಿಕೊಂಡು, "ಇವತ್ತು ನಿನಗೆ ಅಮ್ಮನ ಹಾಡು ಸಿಗುತ್ತದೆ ಕಂದ" ಎಂದ. ಮಂತ್ರಿಯನ್ನು ಕರೆದು, "ಚರ್ಚಿನಲ್ಲಿ ನಕ್ಕವನನ್ನು ಕರೆಸಿ" ಎಂದ.

ಆ ರಾಜ್ಯದ ಒಂದು ಕಟ್ಟಳೆಯನ್ನು ಇಲ್ಲಿ ಹೇಳಲೇಬೇಕು. ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಅಲ್ಲಿ ದೊರೆಯ ಅಪ್ಪಣೆಯನ್ನು ಡಂಗುರ ಹೊಡೆದು ಸಾರುತ್ತಿದ್ದರು. ಅಪ್ಪಣೆಯನ್ನು ಸಾರಬೇಕು, ಕಾರಣವನ್ನು ಸಾರಬಾರದು. ಕಾರಣ ಹೇಳಿದರೆ ದೊರೆ ಪ್ರಜೆಗಳಿಗೆ ಉತ್ತರ ಕೊಟ್ಟ ಹಾಗಾಗುತ್ತದೆ ಎಂದು ಹಿಂದಿನ ಯಾವನೋ ದೊರೆ ಮಾಡಿಟ್ಟ ಪದ್ಧತಿ. ಮಂತ್ರಿಯೂ ಕಾರಣ ಕೇಳುವಂತಿರಲಿಲ್ಲ. ಹುಟ್ಟಿದಂದಿನಿಂದ ಹಾಗೆಯೇ ನಡೆದಿದ್ದರಿಂದ, ಕಾರಣ ಹೇಳಬೇಕೆಂದು ದೊರೆಗೂ ಹೊಳೆಯಲಿಲ್ಲ.

ಹಾಗಾಗಿ ಬೀದಿಯಲ್ಲಿ ಕೇಳಿಸಿದ್ದು ಇಷ್ಟೇ: "ಚರ್ಚಿನಲ್ಲಿ ನಕ್ಕವನು ಅರಮನೆಗೆ ಬರತಕ್ಕದ್ದು. ದೊರೆಯ ಅಪ್ಪಣೆ."

ಬಡಗಿ ಊಟಕ್ಕೆ ಕೂತಿದ್ದ. ಕೈ ತೊಳೆದು ಎದ್ದ. ಹಬ್ಬದ ಅಂಗಿ ಮೈಮೇಲೇ ಇತ್ತು.

"ಹೋಗಬೇಡಿ. ಹಿತ್ತಲಿಂದ ನಮ್ಮ ಅಣ್ಣನ ಊರಿಗೆ ಹೊರಟುಬಿಡಿ" ಎಂದಳು ಹೆಂಡತಿ.

"ಯಾಕೆ ಹೋಗಲಿ? ಕೇಳಿದರೆ ಇದ್ದದ್ದು ಹೇಳುತ್ತೇನೆ. ನಾನೂ ಹೀಗೇ ಹಾಡುತ್ತಿದ್ದೆ ಸ್ವಾಮಿ, ನನ್ನ ಹೆಂಡತಿ ಬೈದು ಬೈದು ತಿದ್ದಿದಳು ಅನ್ನುತ್ತೇನೆ. ನಿನ್ನನ್ನೂ ಕರೆಸಿದರೂ ಕರೆಸಬಹುದು."

"ನಿಮ್ಮ ತಮಾಷೆ ನನಗೆ ಬೇಡ" ಎಂದಳು ಅವಳು. ಆದರೂ ಬಾಗಿಲು ತೆಗೆದಳು.

ಬಾಗಿಲ ಹೊರಗೆ ಬೀದಿಯವರು ನಿಂತಿದ್ದರು. ಎಲ್ಲರೂ ಪರಿಚಯದವರೇ. ವರ್ತಕನೂ ಇದ್ದ, ಕುಂಬಾರನೂ ಇದ್ದ. ಅವರು ಕೆಟ್ಟವರಾಗಿದ್ದರೆ ಈ ಕತೆ ಸುಲಭವಾಗುತ್ತಿತ್ತು ಎಂದರು ಗುರುಗಳು. ಅವರು ಹೆದರಿದ್ದರು. ಅವನು ನಕ್ಕಾಗ ಅದೇ ಬೆಂಚಿನಲ್ಲಿ ಕೂತಿದ್ದವರು ಅವರು. ನೀವೇಕೆ ಸುಮ್ಮನಿದ್ದಿರಿ ಎಂದು ನಾಳೆ ಕೇಳಿದರೆ ಏನು ಹೇಳುವುದು? ಅವನು ತಾನಾಗಿ ಹೋಗುವುದಕ್ಕಿಂತ ತಾವೇ ಹಿಡಿದುಕೊಂಡು ಹೋಗುವುದು ಮೇಲು ಎಂದು ನಿರ್ಧರಿಸಿದ್ದರು.

"ನಾನೇ ಹೋಗುತ್ತಿದ್ದೇನಲ್ಲಪ್ಪ" ಎಂದ ಬಡಗಿ.

"ಹೋಗುವೆಯಂತೆ. ಕೈ ಕೊಡು" ಎಂದು ಕುಂಬಾರ ಹಗ್ಗ ತೆಗೆದ.

ಕೈ ಕಟ್ಟಿದರು. ಸ್ವಲ್ಪ ದೂರ ನಡೆದ ಮೇಲೆ ವರ್ತಕನಿಗೆ ಒಂದು ಯೋಚನೆ ಬಂತು. ಹೀಗೆ ನೆಟ್ಟಗೆ ಕರೆದುಕೊಂಡು ಹೋದರೆ ಗೆಳೆಯನನ್ನು ಕರೆತಂದ ಹಾಗೆ ಕಾಣುವುದಿಲ್ಲವೇ? ಅವನು ಬಡಗಿಯ ಕೆನ್ನೆಗೆ ಒಂದು ಹೊಡೆದ. ಅಷ್ಟೇ ಸಾಕೆಂದು ಅವನು ತಿಳಿದಿದ್ದ. ಆದರೆ ಒಬ್ಬ ಹೊಡೆದ ಮೇಲೆ, ಹೊಡೆಯದವರು ಎದ್ದು ಕಾಣತೊಡಗಿದರು. ಕುಂಬಾರ ಹೊಡೆದ. ಕುಂಬಾರನ ತಮ್ಮ ಹೊಡೆದ. ಪ್ರತಿಯೊಬ್ಬನೂ ತನ್ನ ಪಕ್ಕದವನಿಗಿಂತ ಸ್ವಲ್ಪ ಜೋರಾಗಿ ಹೊಡೆದ. ಯಾರಿಗೂ ಅವನ ಮೇಲೆ ಸಿಟ್ಟಿರಲಿಲ್ಲ. ಅರಮನೆಯ ಬಾಗಿಲು ಮುಟ್ಟುವಷ್ಟರಲ್ಲಿ ಬಡಗಿಯ ದವಡೆ ಮುರಿದಿತ್ತು. ಬಾಯಿಯಿಂದ ರಕ್ತ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ.

ಒಳಗೆ ದೊರೆ ಪಿಟೀಲು ಹಿಡಿದು ಕಾಯುತ್ತಿದ್ದ. ಎದುರಿಗೆ, ಬರುವವನಿಗಾಗಿ ಒಂದು ಪೀಠ ಹಾಕಿಸಿದ್ದ. ಪಕ್ಕದಲ್ಲಿ ದಾದಿಯ ತೊಡೆಯ ಮೇಲೆ ಮಗು ಇತ್ತು, ಕಣ್ಣು ಕೆಂಪಗೆ ಊದಿಕೊಂಡು.

"ಇವನೇ ಪ್ರಭು" ಎಂದ ವರ್ತಕ. "ಇನ್ನು ನಗುವುದಿಲ್ಲ."

ದೊರೆ ತಾನೇ ಇಳಿದು ಬಂದು ಹಗ್ಗ ಬಿಚ್ಚಿದ. ಬಡಗಿಯನ್ನು ಪೀಠದ ಮೇಲೆ ಕೂರಿಸಿದ. ಅಂದು ಆ ರಾಜ್ಯದಲ್ಲಿ ಮೊದಲ ಸಲ ಒಬ್ಬ ದೊರೆ ಎಲ್ಲರ ಮುಂದೆ ಕಾರಣ ಹೇಳಿದ.

"ನನ್ನ ಮಗುವಿಗೆ ನಿದ್ದೆ ಬರುತ್ತಿಲ್ಲ ಅಪ್ಪ. ನಾನು ಎಲ್ಲಿ ತಪ್ಪುತ್ತಿದ್ದೇನೆ ಎಂದು ಕೇಳುವುದಕ್ಕೆ ನಿನ್ನನ್ನು ಕರೆಸಿದೆ. ಬಾಯಿಂದ ಆಗದಿದ್ದರೆ ಬೇಡ. ನಾನು ನುಡಿಸುತ್ತೇನೆ. ತಪ್ಪಿದ ಕಡೆ ಕೈ ಎತ್ತು, ಸಾಕು."

ಬೀದಿಯವರು ಇದನ್ನು ಕೇಳಿದರು. ಯಾರೂ ನಂಬಲಿಲ್ಲ. ದೊರೆ ಪರೀಕ್ಷೆ ಮಾಡುತ್ತಿದ್ದಾನೆ ಎಂದುಕೊಂಡರು. ಬಡಗಿಯೂ ಹಾಗೆಯೇ ಎಂದುಕೊಂಡ. ಬೆಳಗ್ಗೆ ಚರ್ಚಿನಲ್ಲಿ ಕೂತಿದ್ದ ಬಡಗಿಯಾಗಿದ್ದರೆ ನಂಬುತ್ತಿದ್ದ.

ದೊರೆ ನುಡಿಸಿದ. ಮಗು ಕೇಳುತ್ತಿತ್ತು. ಅದರ ರೆಪ್ಪೆ ಭಾರವಾಗಿ ಇಳಿಯತೊಡಗಿತು. ಆ ಸಾಲು ಬಂತು. ಸ್ವರ ಏರಿತು. ಮಗು ಕಣ್ಣು ಬಿಟ್ಟು ಮುಖ ತಿರುಗಿಸಿತು. ಆಗ ಬಡಗಿಯ ಎರಡೂ ಕೈಗಳು ತೊಡೆಯಿಂದ ಮೇಲಕ್ಕೆ ಎದ್ದವು. ದೊರೆ ನುಡಿಸುವುದನ್ನು ಅಲ್ಲೇ ನಿಲ್ಲಿಸಿದ.

ಬಡಗಿ ಚಪ್ಪಾಳೆ ತಟ್ಟಿದ.

ಅವನ ಹಿಂದೆ ನಿಂತಿದ್ದವರೆಲ್ಲ ತಟ್ಟಿದರು. ದಾದಿಯೂ ಮಗುವನ್ನು ತೊಡೆಯ ಮೇಲೆ ಸರಿಸಿಕೊಂಡು ತಟ್ಟಿದಳು.

ದೊರೆ ಪಿಟೀಲನ್ನು ಕೆಳಗಿಟ್ಟ. ಮತ್ತೆ ಮುಟ್ಟಲಿಲ್ಲ. ಬೀದಿಯವರಿಗೆ ಶಿಕ್ಷೆ ಕೊಡಲಿಲ್ಲ. ತಾವು ಮಾಡಿದ್ದೆಲ್ಲ ದೊರೆಗಾಗಿ ಎಂದು ಅವರು ನಿಜವಾಗಿಯೂ ನಂಬಿದ್ದರು. ಬಡಗಿ ಮನೆಗೆ ಹೋದ. ಅವನ ಹೆಂಡತಿ ಆ ದಿನದಿಂದ ಜೋಗುಳದ ಆ ಸಾಲನ್ನು ಏರಿಸಿಯೇ ಹಾಡಿದಳು. ಅವಳನ್ನು ನೋಡಿ ಬೀದಿಯ ಹೆಂಗಸರು ಹಾಗೆ ಹಾಡಿದರು, ಅವರನ್ನು ನೋಡಿ ಊರು ಹಾಡಿತು. ಮುಂದಿನ ಕ್ರಿಸ್‌ಮಸ್ಸಿಗೆ ದೊರೆ ಸುಮ್ಮನೆ ಬಂದು ಕೂತಾಗ ಇಡೀ ಚರ್ಚು ಎದ್ದು ನಿಂತು, ಅವನಿಗೆ ಸಂತೋಷವಾಗಲಿ ಎಂದು, ಅವನು ನುಡಿಸಿದ ಹಾಗೆಯೇ ಹಾಡಿತು.

ಗುರುಗಳು ಕತೆಯನ್ನು ಇಲ್ಲಿಗೆ ನಿಲ್ಲಿಸಿದರು.

ಜೋಜಪ್ಪನ ಮನಸ್ಸಿಗೆ ಸಮಾಧಾನವಾಗಲಿಲ್ಲ. ಅವನು ಕೇಳಿದ: "ಗುರುಗಳೇ, ಬಡಗಿಯನ್ನು ಹೊಡೆದದ್ದು ಪಾಪ, ಒಪ್ಪಿದೆ. ಆದರೆ ಮೆಟ್ಟಿಲ ಮೇಲೆ ನಿಂತು ಹೊಗಳಿದರಲ್ಲ, ಅಷ್ಟರಲ್ಲಿ ಯಾರಿಗೇನು ನಷ್ಟವಾಗಿತ್ತು?"

ಗುರುಗಳು ಹೇಳಿದರು: "ಮಗು ಇನ್ನೂ ಮಲಗಿಲ್ಲ, ಜೋಜಪ್ಪ."



ಈ ಕೊನೆಯ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು ಅನ್ನಿಸುತ್ತದೆ. ಗುರುಗಳು ಬಿಡಿಸಲಿಲ್ಲ, ಆದರೆ ಓದುವವರಿಗೆ ಸಂಶಯ ಉಳಿಯಬಾರದು. ಕತೆ ಎಂದೋ ನಡೆದದ್ದು. ಆ ಮಗು ಅಂದೇ ಸತ್ತಿರಬಹುದು, ಇಲ್ಲವೇ ಹೇಗೋ ಬದುಕಿ ಬೆಳೆದಿರಬಹುದು. ಹಾಗಿದ್ದೂ ಅದು ಇನ್ನೂ ಮಲಗಿಲ್ಲ ಎಂದು ಅವರು ಹೇಳಿದ್ದು ಏಕೆಂದರೆ, ಆ ಚರ್ಚಿನಲ್ಲಿ ಕೂತಿದ್ದವರು ಅಂದು ತಮ್ಮ ತಮ್ಮ ಮನೆಗೆ ಹೋಗಿ ಮಕ್ಕಳನ್ನು ಮಲಗಿಸಿದಾಗ, ಆ ಸಾಲು ಬಂದ ಕೂಡಲೇ ಪ್ರತಿಯೊಬ್ಬ ತಾಯಿಗೂ...

ಕ್ಷಮಿಸಿ, ಹೊರಗೆ ಯಾರೋ ನನ್ನ ಹೆಸರು ಹಿಡಿದು ಕರೆಯುತ್ತಿದ್ದಾರೆ. ಹೋಗಬೇಕು.