ಸಾಕವ್ವನ ಮಸಿಗೈ

ಬಹಳ ಹಿಂದೆ, ನಮ್ಮಜ್ಜಿಯ ಅಜ್ಜಿಯೂ ಹುಟ್ಟಿರದ ಕಾಲದಲ್ಲಿ, ಹೊಳೆದಂಡೆ ಮೇಲೆ ತಾಳೆಕೊಪ್ಪ ಅಂತ ಒಂದೂರು ಇತ್ತಂತೆ. ಆ ಊರಿನ ಗುಡಿಯಲ್ಲಿ ಒಂದು ಓಲೆಗರಿಯ ಪುಸ್ತಕ. ಭೂಮಿ ಹೇಗೆ ಹುಟ್ಟಿತು, ನೀರು ಹೇಗೆ ಹುಟ್ಟಿತು, ಹುಟ್ಟಿಸಿದವನು ಎಂಥವನು, ಎಲ್ಲಾ ಅದರೊಳಗಿತ್ತಂತೆ. ಯುಗಾದಿಯ ಬೆಳಿಗ್ಗೆ ಅದನ್ನು ಓದಲೇಬೇಕು. ಬ್ರಹ್ಮ ಸೃಷ್ಟಿಗೆ ಕೈಹಚ್ಚಿದ್ದು ಅವತ್ತೇ ಅಲ್ಲವೇ? ಓದದಿದ್ದರೆ ಆ ವರ್ಷ ಹುಟ್ಟುವುದೇ ಇಲ್ಲ, ಹಸು ಗಬ್ಬ ಕಟ್ಟುವುದಿಲ್ಲ, ಬಿತ್ತಿದ ಕಾಳು ಬಾಯಿ ಬಿಡುವುದಿಲ್ಲ ಅಂತ ಆ ಜನ ನಂಬಿದ್ದರು.

ಅಂಥ ಪುಸ್ತಕಕ್ಕೆ ಒಂದು ವರ್ಷ ಗೆದ್ದಲು ಹತ್ತಿತು. ಓದುತ್ತಿದ್ದ ನರಹರಿ ಜೋಯಿಸರಿಗೆ ಎದೆ ಒಡೆದ ಹಾಗಾಯಿತು. ಹೊಳೆಯಾಚೆಯಿಂದ ಓಲೆ ಬರೆಯುವ ಬೊಮ್ಮಯ್ಯನನ್ನು ಕರೆಸಿದರು. ಬೊಮ್ಮಯ್ಯ, ಅವನ ಹೆಂಡತಿ ಸಾಕವ್ವ, ಇಬ್ಬರೂ ಬಂದು ಊರ ಅಂಚಿನಲ್ಲಿ ಗುಡಿಸಲು ಹಾಕಿಕೊಂಡರು. ಹಳೇ ಗರಿ ನೋಡುವುದು, ಉಕ್ಕಿನ ಮೊನೆಯಲ್ಲಿ ಹೊಸ ಗರಿಗೆ ಕೊರೆಯುವುದು. ನೋಡುವುದು, ಕೊರೆಯುವುದು. ಕೊರೆದು ಮುಗಿದ ಹಳೇ ಗರಿಯನ್ನು ಜೋಯಿಸರು ಕೈಮುಗಿದು ಹೊಳೆಗೆ ಬಿಡುತ್ತಿದ್ದರಂತೆ. ಜೀರ್ಣವಾದ ದೇವರ ವಸ್ತು ಇಟ್ಟುಕೊಳ್ಳಬಾರದಲ್ಲ.

ಇನ್ನು ಯುಗಾದಿಗೆ ಐದೇ ದಿನ ಅನ್ನುವಾಗ ಬೊಮ್ಮಯ್ಯ ಜ್ವರ ಬಂದು ಮಲಗಿದ, ಏಳಲಿಲ್ಲ. ಆಗ ಊರವರು ಏನು ಮಾಡಿದರು ಗೊತ್ತೇ? ಹೇಳಲಿಕ್ಕೆ ನನ್ನ ನಾಲಿಗೆ ಏಳುವುದಿಲ್ಲ. ಸತ್ತರೆ ಪುಸ್ತಕಕ್ಕೆ ಸೂತಕ ತಗಲುತ್ತದೆ ಅಂತ, ಅವನ ಪ್ರಾಣ ಇನ್ನೂ ಗಂಟಲಲ್ಲಿ ಆಡುತ್ತಿರುವಾಗಲೇ ಪುಸ್ತಕ ಎತ್ತಿಕೊಂಡು ಹೊರಟರಂತೆ! ಸಾಕವ್ವ ಬಾಗಿಲಿಗೆ ಓಡಿಬಂದು, ಇನ್ನೊಂದು ಕೆಲಸ ಉಳಿದಿದೆ ಅಂತ ಕೂಗಿದಳಂತೆ. ಯಾರು ಕೇಳಬೇಕು? ಪುಸ್ತಕಕ್ಕೆ ರೇಷ್ಮೆ ಸುತ್ತಿ, ಹೂವು ಏರಿಸಿ, ಗುಡಿಯೊಳಗೆ ಇಟ್ಟೇ ಬಿಟ್ಟರು. ಅತ್ತ ಬೊಮ್ಮಯ್ಯನ ಪ್ರಾಣ ಹೋಯಿತು. ಆಮೇಲೆ ಅವಳು ಗುಡಿಯ ಹತ್ತಿರ ಬರುವ ಹಾಗೂ ಇಲ್ಲ. ಸೂತಕದವಳು.

ಯುಗಾದಿ ಬಂತು. ಊರೆಲ್ಲ ಎಣ್ಣೆ ನೀರು ಹಾಕಿಕೊಂಡು ಗುಡಿ ಮುಂದೆ ಕೂತಿತು. ಜೋಯಿಸರು ರೇಷ್ಮೆ ಬಿಚ್ಚಿದರು. ಮೊದಲ ಗರಿ ಎತ್ತಿದರು. ಕಣ್ಣುಜ್ಜಿಕೊಂಡರು. ಎರಡನೆಯದು ಎತ್ತಿದರು, ಮೂರನೆಯದು ಎತ್ತಿದರು.

"ಅಯ್ಯೋ, ಇದರಲ್ಲಿ ಏನೂ ಇಲ್ಲವಲ್ಲೋ!"

ಗರಿಯೆಲ್ಲ ಬೋಳು. ಹಳದಿ ಗರಿ, ಬರೀ ಗರಿ. ಹಳೇ ಪುಸ್ತಕ ಹೊಳೆಪಾಲು, ಹೊಸದರಲ್ಲಿ ಒಂದಕ್ಷರವಿಲ್ಲ. ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಊರ ಗೌಡ ಹಾಲಪ್ಪ ಎದ್ದು ನಿಂತು, "ವರ್ಷವಿಡೀ ನಮ್ಮ ರಾಗಿ ತಿಂದು ಗರಿ ಕೆರೆದನೋ, ಬೆನ್ನು ಕೆರೆದನೋ ಆ ಕಳ್ಳ!" ಅಂದನಂತೆ. ಅಷ್ಟಕ್ಕೇ ಬಿಡಲಿಲ್ಲ. ಅವನ ಬೂದಿಗೆ ನಮ್ಮ ಹೊಳೆಯ ನೀರು ಮುಟ್ಟಕೂಡದು, ಬೀದಿಗೆ ಚೆಲ್ಲಿ ಅಂತ ಅಪ್ಪಣೆ ಮಾಡಿದ. ಬೂದಿ ಇನ್ನೂ ಮಡಕೆಯಲ್ಲಿತ್ತು ನೋಡಿ. ನೀರು ಕಾಣದೆ ಹೋದರೆ ಸತ್ತವನಿಗೆ ದಾರಿಯೆಲ್ಲಿ?

ಆ ಮಾತು ಸಾಕವ್ವನ ಕಿವಿಗೆ ಬಿತ್ತು. ಗಂಡ ಸತ್ತ ಜಾಗದಲ್ಲಿ ಹಚ್ಚಿಟ್ಟ ದೀಪ ಉರಿಯುತ್ತಲೇ ಇತ್ತು. ಅದರ ಮೇಲೆ ಕವುಚಿದ್ದ ಮಡಕೆಚೂರಿನ ಮಸಿಯನ್ನು ಕೆರೆದಳು, ಸೊಪ್ಪಿನ ರಸ ಹಾಕಿ ಅಂಗೈಯಲ್ಲಿ ಕಲಸಿದಳು, ನಡೆದಳು. ಕೆದರಿದ ತಲೆ, ಕರಿಯ ಕೈ. ಜನ ಬೆಚ್ಚಿ ದಾರಿ ಬಿಟ್ಟರಂತೆ. ಸೂತಕದ ಹೆಂಗಸು ಗುಡಿ ಮೆಟ್ಟಿಲು ಹತ್ತಿದಳು! ಜೋಯಿಸರ ಕೈಯಿಂದ ಗರಿ ಕಸಿದುಕೊಂಡಳು! ಕಸಿದು, ಆ ಮಸಿಗೈಯನ್ನು ಗರಿಯ ಈ ತುದಿಯಿಂದ ಆ ತುದಿಗೆ ಎಳೆದೇ ಬಿಟ್ಟಳು!

"ಕೆಟ್ಟೆವು, ದೇವರಿಗೇ ಮಸಿ ಬಳಿದಳು!" ಅಂತ ಊರಿಗೆ ಊರೇ ಚೀರಿತಂತೆ. ಗೌಡ ದೊಣ್ಣೆ ಎತ್ತಿದ.

ಸಾಕವ್ವ ಸೆರಗಿನಿಂದ ಗರಿ ಒರೆಸಿದಳು. ಎತ್ತಿ ಹಿಡಿದಳು.

ಏನು ಹೇಳಲಿ ಮಕ್ಕಳೇ! ಮೇಲಿನ ಮಸಿ ಹೋಗಿ, ಕೊರೆದ ಗೆರೆಯೊಳಗಿನ ಮಸಿ ನಿಂತಿತ್ತು. ಅಕ್ಷರ, ಅಕ್ಷರ, ಸಾಲಿಗೆ ಸಾಲು ಅಕ್ಷರ. ಎತ್ತಿದ ದೊಣ್ಣೆ ಎತ್ತಿದ ಹಾಗೇ ಉಳಿಯಿತಂತೆ. ಹೊಸ ಗರಿಗೆ ಮಸಿ ಹಿಡಿಸುವುದನ್ನು ಆ ಊರಲ್ಲಿ ಏಳು ತಲೆಮಾರಿನಿಂದ ಯಾರೂ ಕಂಡಿರಲಿಲ್ಲ. ಜೋಯಿಸರ ಮಂಜುಗಣ್ಣಿಗೆ ಮಸಿಯಿಲ್ಲದ ಗೆರೆ ಕಾಣಿಸಿರಲಿಲ್ಲ. ಈಗ ಓದತೊಡಗಿದರು. ಭೂಮಿಯಿಲ್ಲದಾಗ, ಆಕಾಶವಿಲ್ಲದಾಗ, ಹಗಲಿರುಳು ಬೇರೆಯಾಗದಿದ್ದಾಗ ಬರೀ ಕತ್ತಲೆಯಿತ್ತಂತೆ, ಕತ್ತಲೆಯೊಳಗೆ ಅವನೊಬ್ಬನಿದ್ದನಂತೆ, ಯಾರ ಕಣ್ಣಿಗೂ ಕಾಣದೆ. ಅಷ್ಟು ಓದಿದ್ದೇ ಜೋಯಿಸರು ಸಾಕವ್ವನ ಕರಿಯ ಕೈ ನೋಡಿ ಗಳಗಳ ಅತ್ತರಂತೆ.

ಗರಿ ಗರಿಗೂ ಅವಳೇ ಮಸಿ ಹಚ್ಚಿದಳು. ಕೊನೆಯ ಗರಿ ಬಂತು. ಹಚ್ಚಿದಳು, ಒರೆಸಿದಳು. ಅಕ್ಷರ ಏಳಲಿಲ್ಲ. ಮತ್ತೆ ಹಚ್ಚಿದಳು. ಏಳಲಿಲ್ಲ. ಗೌಡನ ಹುಬ್ಬು ಗಂಟಾಯಿತು.

"ಇದಕ್ಕೇನಂತೀಯೆ ತಾಯಿ?"

"ಹಳೇ ಪುಸ್ತಕದ ಕೊನೇ ಗರಿಯನ್ನು ಗೆದ್ದಲು ಪೂರಾ ತಿಂದಿತ್ತು ಗೌಡ. ಕಾಣದ್ದನ್ನು ನನ್ನ ಗಂಡ ಕೊರೆಯುವವನಲ್ಲ. ನಿನಗೆ ಗೊತ್ತಿದ್ದರೆ ಹೇಳು, ನಾನೇ ಕೊರೆಯುತ್ತೇನೆ."

ಗೌಡ ಜೋಯಿಸರ ಮುಖ ನೋಡಿದ. ಜೋಯಿಸರು ಆಕಾಶ ನೋಡಿದರು. ಹುಟ್ಟಿಸಿದವನು ಎಂಥವನು ಅನ್ನುವುದು ಇದ್ದದ್ದು ಆ ಗರಿಯಲ್ಲೇ, ಗರಿ ನೋಡಿ ಓದಿದ್ದೇ ಹೊರತು ಬಾಯಿಪಾಠ ಯಾರಿಗಿತ್ತು? ಅವತ್ತೇ ಇಡೀ ಊರು ಸೂತಕ ಗೀತಕ ಮರೆತು, ಬೊಮ್ಮಯ್ಯನ ಬೂದಿಯ ಹಿಂದೆ ಹೊಳೆಗೆ ನಡೆಯಿತಂತೆ. ಮಡಕೆ ಹೊತ್ತವನು ಗೌಡನೇ ಅಂತಾರೆ.

ಈಗಲೂ ತಾಳೆಕೊಪ್ಪದಲ್ಲಿ ಯುಗಾದಿಯ ಬೆಳಿಗ್ಗೆ, ಸಾವು ಕಂಡ ಮನೆಯ ಹೆಂಗಸನ್ನೇ ಮೊದಲು ಗುಡಿ ಹತ್ತಿಸುತ್ತಾರೆ. ಅವಳು ತನ್ನ ಮನೆಯ ದೀಪದ ಮಸಿಯನ್ನು ಮೊದಲ ಗರಿಗೆ ಸವರಬೇಕು, ಆಮೇಲೆಯೇ ಓದು. ಕೊನೆಗೆ ಬೋಳುಗರಿಯನ್ನು ಎತ್ತಿ ತೋರಿಸುತ್ತಾರೆ. ಓದುವವರು ಬಾಯಿ ತೆರೆಯುವುದಿಲ್ಲ. ಅಳುವ ಕೂಸನ್ನೂ ಎದೆಗೊತ್ತಿಕೊಂಡು ಊರೆಲ್ಲ ಅದನ್ನೇ ನೋಡುತ್ತಾ ಕೂರುತ್ತದೆ. ಆಮೇಲೆ ಹೊಳೆಗಿಳಿದು ಬೊಮ್ಮಯ್ಯನ ಹೆಸರಿಗೆ ಒಂದು ಬೊಗಸೆ ನೀರು ಬಿಟ್ಟೇ ಬೇವುಬೆಲ್ಲ ಬಾಯಿಗಿಡುವುದು.