ಗಿಳಿಗಡ್ಡಿಗೆ ಕಂಪ್ಯೂಟರ್ ತಂದ ಹಂಪಮ್ಮ

ಕಂಪ್ಯೂಟರ್ ಅಂದರೆ ಬೀಸುವ ಕಲ್ಲಿನಷ್ಟು ಭಾರದ ಪೆಟ್ಟಿಗೆಯಾಗಿದ್ದ ಕಾಲವೊಂದಿತ್ತಪ್ಪಾ. ಆ ಕಾಲದಲ್ಲಿ ಕೃಷ್ಣಾ ಹೊಳೆಯ ನಟ್ಟನಡುವೆ ಗಿಳಿಗಡ್ಡಿ ಅಂತ ಒಂದೂರಿತ್ತು. ಸುತ್ತ ನೀರು, ನಡುವೆ ಊರು. ಉಪ್ಪು ಬೇಕಂದರೂ ಹರಿಗೋಲು ಹತ್ತಬೇಕು, ಮದುವೆ ದಿಬ್ಬಣವೂ ಹರಿಗೋಲು ಹತ್ತಬೇಕು. ಆ ಊರಿನ ಸಾಲೆಗೆ ಹಂಪಮ್ಮ ಕಂಪ್ಯೂಟರ್ ತಂದಳು. ತಲೆ ಮೇಲೆ ಹೊತ್ತು ನೀರಿನ ಮೇಲೇ ನಡೆದು ಬಂದಳು ಅಂತಾರೆ ಕೆಲವರು. ಮೊಸಳೆಯ ಬೆನ್ನ ಮೇಲೆ ಹೇರಿಕೊಂಡು ಬಂದಳು ಅಂತಾರೆ ಇನ್ನು ಕೆಲವರು. ನಮ್ಮವ್ವ ಅವತ್ತು ದಂಡೆಯಲ್ಲೇ ನಿಂತಿದ್ದಳು. ಅವಳು ಕಂಡದ್ದನ್ನ ನಾನು ಹೇಳತೀನಿ. ಮೊಸಳೆ ಬೇಕು ಅನ್ನುವವರು ನೀವೇ ಸೇರಿಸಿಕೊಳ್ಳಿ.

ಈ ಹಂಪಮ್ಮ ಆಚೆ ದಂಡೆಯ ಹೆಣ್ಣುಮಗಳು, ಪಟ್ಟಣದ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವಾಕಿ. ವಾರವೆಲ್ಲ ಕಾಲೇಜು. ಭಾನುವಾರ ಬಂತೋ, ಗೆಳತಿಯರನ್ನ ಕಟ್ಟಿಕೊಂಡು ಹೊರಟೇಬಿಡುವಳು. ದೊಡ್ಡ ದೊಡ್ಡ ಆಫೀಸಿನವರು ಮೂಲೆಗೆಸೆದ ಹಳೆ ಕಂಪ್ಯೂಟರುಗಳನ್ನ ಕೇಳಿ ತರುವಳು, ಧೂಳು ಕೊಡವಿ, ಒಂದರ ಕೈ ಕಿತ್ತು ಇನ್ನೊಂದಕ್ಕೆ ಕಾಲು ಮಾಡಿ, ಬಡವರ ಮಕ್ಕಳ ಸಾಲೆಗೆ ಒಯ್ದು ಕೂಡಿಸುವಳು. ಯಾರೂ ಹೇಳಿದ್ದಲ್ಲ, ಯಾರೂ ಕರೆದದ್ದಲ್ಲ. ಅವಳ ಕೈ ತಾಗಿದರೆ ಸತ್ತ ಪೆಟ್ಟಿಗೆಯೂ ಸೀನಿ ಎದ್ದು ಕೂರುತ್ತಿತ್ತು ಅಂತಾರೆ.

ಗಿಳಿಗಡ್ಡಿಯಲ್ಲಿ ತಿಪ್ಪವ್ವ ಅನ್ನುವ ಹುಡುಗಿ ಇದ್ದಳು. ಊರಿನ ಸಾಲೆ ಮುಗಿಸಿ, ಹೊಳೆ ದಾಟಿ ದೊಡ್ಡ ಸಾಲೆಗೆ ಹೋದಳು. ಅಲ್ಲೊಂದು ಕಂಪ್ಯೂಟರ್ ಇತ್ತು, ಮೇಲೆ ಹೂವಿನ ಬಟ್ಟೆ ಹೊದಿಸಿತ್ತು. ತಿಪ್ಪವ್ವ ಆಸೆಯಿಂದ ಕೈ ಚಾಚಿದರೆ, “ಏ ಗಡ್ಡಿಯಾಕಿ, ಸರಿ ಆಕಡೆ! ಕೆಡಿಸಿಗಿಡಿಸೀಯ!” ಅಂತ ಅಲ್ಲಿನವರು ಅವಳ ಕೈ ತಳ್ಳಿದರು. ಹುಡುಗರೆಲ್ಲ ಗೊಳ್ಳೆಂದು ನಕ್ಕರು. ಅವಳು ಮನೆಗೆ ಬಂದು ಪಾಟಿಚೀಲವನ್ನ ಗೂಟಕ್ಕೆ ನೇತುಹಾಕಿ ಎಮ್ಮೆ ಹಿಂದೆ ಹೋದಳು. ಅವಳನ್ನ ನೋಡಿ ಉಳಿದ ಹುಡುಗಿಯರೂ “ನಮಗೂ ಸಾಲಿ ಬ್ಯಾಡ” ಅಂದರು. ಊರಿನ ಸಾಲೆಯೂ ಖಾಲಿಯಾಗತೊಡಗಿತು. ಅಲ್ಲಿ ಪಾಠ ಹೇಳುತ್ತಿದ್ದ ಮಾನಪ್ಪ ಮಾಸ್ತರರು ಸಂತೆಯಲ್ಲಿ ಸಿಕ್ಕವರ ಮುಂದೆಲ್ಲ ಗೋಳಾಡಿಕೊಂಡರು. ಆ ಸುದ್ದಿ ಹಂಪಮ್ಮನ ಕಿವಿಗೆ ಬಿತ್ತು. ತಾಟಿನಲ್ಲಿದ್ದ ರೊಟ್ಟಿ ಹಂಗೇ ಬಿಟ್ಟು ಎದ್ದಳು ಅಂತಾರೆ.

ಹಂಪಮ್ಮ ಪೆಟ್ಟಿಗೆಗಳನ್ನ ಗಾಡಿಯಲ್ಲಿ ಹೇರಿಕೊಂಡು ದಂಡೆಗೆ ಬಂದರೆ ಅಂಬಿಗರ ದುರುಗಪ್ಪ ಒಪ್ಪಲಿಲ್ಲ.

“ನೀರಿಗೂ ಕರೆಂಟಿಗೂ ಆಗಿಬರಂಗಿಲ್ಲ ತಂಗೀ. ಹೊಳಿ ನಡುವ ಬಡಿದರ ಯಾರು ಹೊಣಿ?”

“ಯಣ್ಣಾ, ನಿನ್ನ ಹುಟ್ಟಿನಾಗ ಎಷ್ಟು ಕರೆಂಟ್ ಐತೋ ಇದರಾಗೂ ಈಗ ಅಷ್ಟೇ ಐತಿ,” ಅಂದಳು ಹಂಪಮ್ಮ.

ದುರುಗಪ್ಪ ತನ್ನ ಹುಟ್ಟನ್ನ ತಿರುಗಿಸಿ ಮುರುಗಿಸಿ ನೋಡಿದ. ನಗು ಬಂತು. ಹೇರಿಕೊಂಡ.

ಹರಿಗೋಲು ಹೊಳೆಯ ನಡುವೆ ಬಂದಿರಬೇಕು, ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟರು. ನೋಡನೋಡುತ್ತ ಹೊಳೆ ಕೆಂಪಾಯಿತು, ಉಬ್ಬಿತು, ಮೊರೆಯಿತು. ಹರಿಗೋಲು ಬುಗುರಿಯ ಹಾಗೆ ಗರಗರ ತಿರುಗಿತು. ದುರುಗಪ್ಪ ಹುಟ್ಟು ಹಾಕಿದ, ಹಾಕಿದ, ಹಾಕೇ ಹಾಕಿದ. ಅಷ್ಟರಲ್ಲಿ ತಾಡಪತ್ರಿ ಸುತ್ತಿದ ಎಲ್ಲಕ್ಕಿಂತ ದೊಡ್ಡ ಪೆಟ್ಟಿಗೆ ಜಾರಿ ಧುಡುಂ ಅಂತ ನೀರಿಗೆ ಬಿತ್ತು. ಹಂಪಮ್ಮ ಹಿಂದೆ ಮುಂದೆ ನೋಡಲಿಲ್ಲ. ಹಗ್ಗದ ಒಂದು ತುದಿ ನಡುವಿಗೆ ಕಟ್ಟಿಕೊಂಡು, ಇನ್ನೊಂದು ತುದಿ ದುರುಗಪ್ಪನ ಕಡೆ ಎಸೆದು, ಹಾರಿಯೇಬಿಟ್ಟಳು!

ಗಡ್ಡಿಯ ದಂಡೆಯಲ್ಲಿ ನಿಂತವರು ಹೋ ಅಂದರು. ಗಂಡಸರು ಸೋರೆಬುರುಡೆ ಬೆನ್ನಿಗೆ ಕಟ್ಟಿಕೊಂಡು ನೀರಿಗಿಳಿದರು. ಪೆಟ್ಟಿಗೆ ಮುಳುಗುತ್ತದೆ, ಏಳುತ್ತದೆ. ಹಂಪಮ್ಮ ಮುಳುಗುತ್ತಾಳೆ, ಏಳುತ್ತಾಳೆ. ಕೊನೆಗೆ ತಾಡಪತ್ರಿಯ ಗಂಟು ಅವಳ ಕೈಗೆ ಸಿಕ್ಕಿತು. ಬಿಡಲಿಲ್ಲ. ಎಳೆದರು, ಎಳೆದರು, ಅವಳನ್ನೂ ಪೆಟ್ಟಿಗೆಯನ್ನೂ ಕೂಡಿಯೇ ದಂಡೆಗೆ ಎಳೆದು ಹಾಕಿದರು.

ಪೆಟ್ಟಿಗೆ ಬೋರಲು ಹಾಕಿದರೆ ಕೊಡಗಟ್ಟಲೆ ನೀರು ಸುರಿಯಿತು. ಒಂದು ಮೀನೂ ಹಾರಿತು ಅಂತಾರೆ. ಉಳಿದ ಪೆಟ್ಟಿಗೆಗಳನ್ನ ಹರಿಗೋಲಿನಲ್ಲಿ ದಂಡೆ ಮುಟ್ಟಿಸಿದ ದುರುಗಪ್ಪ ತಲೆ ಮೇಲೆ ಕೈ ಹೊತ್ತು ಕೂತ. ಹಂಪಮ್ಮ ಸೀರೆ ಹಿಂಡಿಕೊಂಡಳು, ಪೆಟ್ಟಿಗೆ ನೋಡಿದಳು, ಗುಂಪಿನ ಹಿಂದೆ ಅಡಗಿದ್ದ, ಮಾಸ್ತರರು ಬೊಟ್ಟು ಮಾಡಿ ತೋರಿಸಿದ ತಿಪ್ಪವ್ವನನ್ನ ನೋಡಿದಳು. ನೋಡಿ ನಕ್ಕುಬಿಟ್ಟಳು.

“ಬಾರವ್ವಾ ಇಲ್ಲಿ. ಹೊಳಿಯವ್ವ ಕೆಡಿಸಿದ್ದಕ್ಕಿಂತ ಹೆಚ್ಚಿಗಿ ನೀ ಏನು ಕೆಡಿಸ್ತಿ, ನೋಡೇಬಿಡೋಣು!” ಅಂತ ತಿರುಪು ತಿರುಗಿಸುವ ಸ್ಕ್ರೂಡ್ರೈವರನ್ನ ಅವಳ ಕೈಯಲ್ಲಿಟ್ಟಳು.

ತಿಪ್ಪವ್ವ ಹೆದರಿ ಹಂಪಮ್ಮನ ಕಡೆ ತಿರುಗಿದಳು. ಆದರೂ ಮೊದಲ ತಿರುಪು ಬಿಚ್ಚಿದಳು. ಎರಡನೆಯದಕ್ಕೆ ಯಾರ ಕಡೆಗೂ ತಿರುಗಲಿಲ್ಲ. ಮಕ್ಕಳೆಲ್ಲ ಮುಗಿಬಿದ್ದರು. ಬಂಡೆ ಮೇಲೆ ಕೌದಿ ಹಾಸಿ ಒಂದೊಂದೇ ಭಾಗ ಬಿಡಿಸಿಟ್ಟರು. ಕಾಯಿಸಿ ಆರಿಸಿದ ನೀರಿನಲ್ಲಿ ಕೆಸರು ತೊಳೆದು, ಅರಳೆಯಲ್ಲಿ ಒರೆಸಿ, ಬಿಸಿಲಿಗಿಟ್ಟು, ಮೊರದಿಂದ ಗಾಳಿ ಹಾಕಿದರು. ಹಪ್ಪಳ ಕಾಯುವ ಹಾಗೆ ಮುದುಕಿಯರು ಕಾಗೆ ಓಡಿಸುತ್ತ ಕಾವಲು ಕೂತರು! ಹೊಳೆ ಇಳಿಯುವ ತನಕ ಹಂಪಮ್ಮ ಗಿಳಿಗಡ್ಡಿಯಲ್ಲೇ ಉಳಿದಳು.

ಪೆಟ್ಟಿಗೆ ಒಣಗುವಾಗ ಅವಳು ಹೆಂಗಸರಿಗೆ ಹೇಳಿದಳಂತೆ, ಪೆಟ್ಟಿಗೆ ಬರೀ ದೇಹ, ಅದರೊಳಗೆ ಕೆಲಸ ಮಾಡುವ ತಂತ್ರಾಂಶವೇ ಅದರ ಜೀವ ಅಂತ. ಕೆಲವರು ಆ ತಂತ್ರಾಂಶಕ್ಕೆ ಬೀಗ ಜಡಿದು ಮಾರುತ್ತಾರೆ, ತಾನು ತಂದದ್ದು ಬೀಗವಿಲ್ಲದ್ದು, ನಿಮ್ಮ ಬೀಸುವ ಹಾಡಿನ ಹಾಗೆ ಅಂತ. ಹಾಡು ಯಾರು ಕಟ್ಟಿದರೋ ಏನೋ, ಇವಳು ಅವಳಿಗೆ ಕಲಿಸುತ್ತಾಳೆ, ಅವಳು ತನ್ನದೊಂದು ಸಾಲು ಸೇರಿಸುತ್ತಾಳೆ. ಕಲಿಸಿದವಳ ಹಾಡೇನೂ ಕಡಿಮೆಯಾಗುವುದಿಲ್ಲ.

ಎಲ್ಲ ಒಣಗಿದ ಮೇಲೆ ಮಕ್ಕಳೇ ಜೋಡಿಸಿದರು. ಸಾಲೆಯ ಮಾಳಿಗೆಯ ಮೇಲಿದ್ದ ಸೋಲಾರ್ ಪ್ಲೇಟಿನಿಂದ ವೈರ್ ಎಳೆದರು. ಊರಿಗೆ ಊರೇ ಕಿಟಕಿಗೆ ಜೋತುಬಿತ್ತು. ತಿಪ್ಪವ್ವ ಗುಂಡಿ ಒತ್ತಿದಳು. ಏನೂ ಇಲ್ಲ. ಮತ್ತೆ ಒತ್ತಿದಳು. ಏನೂ ಇಲ್ಲ. ಎಲ್ಲರೂ ಹಂಪಮ್ಮನ ಮುಖ ನೋಡಿದರು, ಹಂಪಮ್ಮ ತಿಪ್ಪವ್ವನ ಮುಖ ನೋಡಿದಳು. ತಿಪ್ಪವ್ವ ಯಾರನ್ನೂ ಕೇಳದೆ ಮುಚ್ಚಳ ಬಿಚ್ಚಿದಳು, ಬೆರಳಾಡಿಸಿದಳು, ಸಡಿಲಾಗಿದ್ದ ಒಂದು ವೈರ್ ಹುಡುಕಿ ಒತ್ತಿ ಕೂಡಿಸಿದಳು. ಗುಂಡಿ ಒತ್ತಿದಳು. ಗುಂಯ್ ಅಂತು. ಪರದೆ ಬೆಳಗಿತು. ಬೆಳಕಿನ ಮೇಲೆ ಕನ್ನಡದ ಅಕ್ಷರಗಳು ಎದ್ದು ನಿಂತವು!

ಆಗ ಎದ್ದ ಕೂಗಿಗೆ ಗಡ್ಡಿಯ ಗಿಳಿಗಳೆಲ್ಲ ಒಮ್ಮೆಲೇ ಹಾರಿದವು, ಆಚೆ ದಂಡೆಯವರು ಹಸಿರು ಮೋಡ ಅಂದುಕೊಂಡರು ಅಂತಾರೆ. ದುರುಗಪ್ಪ ಹುಟ್ಟು ಹಿಡಿದೇ ಕುಣಿದ.

ಆಗ ತಿಪ್ಪವ್ವನ ಮುತ್ತಜ್ಜಿ ಮುಂದೆ ಬಂದು, ಪರದೆಯ ಮೂಲೆಯಲ್ಲಿ ಏನು ಬರೆದಿದೆ ಅಂತ ಕೇಳಿದಳು. ಮಾನಪ್ಪ ಮಾಸ್ತರರು ಓದಿದರು, “ನಿರ್ಗಮನ.”

“ಹಂಗಂದರ?”

“ಮುಗಿಸಿ ಹೋಗೋದು, ಅವ್ವಾ.”

“ಥೂ, ಹೋಗತೀನಿ ಅಂತಾರೇನು? ಹೋಗಿ ಬರತೀನಿ ಅನಬೇಕು!”

ಹಂಪಮ್ಮ ಚಪ್ಪಾಳೆ ತಟ್ಟಿದಳು. “ಬದಲಿ ಮಾಡೋಣು ಬಾರವ್ವಾ ತಿಪ್ಪವ್ವಾ. ಇದು ನಮ್ಮದೇ ಹಾಡು!” ಹಂಪಮ್ಮ ತೋರಿಸಿದ ಕಡೆ ತಿಪ್ಪವ್ವ ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ‘ನಿರ್ಗಮನ’ ಹೋಯಿತು, ‘ಹೋಗಿ ಬರತೀನಿ’ ಬಂತು. ಮುದುಕಿ ಪರದೆಗೆ ದೃಷ್ಟಿ ತೆಗೆದು ನೆಟಿಗೆ ಮುರಿದಳು. ಮರುದಿನ ಗೂಟದಲ್ಲಿದ್ದ ಪಾಟಿಚೀಲಗಳೆಲ್ಲ ಕೆಳಗಿಳಿದವು.

ಹಂಪಮ್ಮ ಅಲ್ಲಿಂದ ಎಷ್ಟೋ ಊರಿಗೆ ಹೋದಳು. ಕಡೆಕಡೆಗೆ ಅವಳ ಕಣ್ಣು ಮಂಜಾಯಿತು. ಆಗ ತಿಪ್ಪವ್ವ ಅವಳ ಪಕ್ಕದಲ್ಲಿ ಕೂತು ಕಣ್ಣಾದಳು. ಹಂಪಮ್ಮ ತೀರಿಕೊಂಡ ದಿನ ಹೊಳೆಯ ಎರಡೂ ದಂಡೆಯ ಸಾಲೆಗಳ ಮಕ್ಕಳು ಬಂದು ಅತ್ತರು. ಅವಳಿಗೆ ಗುಡಿ ಇಲ್ಲ, ಕಟ್ಟೆ ಇಲ್ಲ.

ಆದರೆ ಈ ಹೊಳೆಸಾಲಿನ ಊರುಗಳಲ್ಲಿ ಇವತ್ತಿಗೂ ಸಾಲೆಗೆ ಕಂಪ್ಯೂಟರ್ ಬಂದರೆ ಯಾರೂ ಅದಕ್ಕೆ ಹೂವಿನ ಹಾರ ಹಾಕುವುದಿಲ್ಲ. ಮೊದಲು ಅದರ ಮುಚ್ಚಳ ಬಿಚ್ಚುತ್ತಾರೆ. ಗುಂಪಿನಲ್ಲಿ ಎಲ್ಲರಿಗಿಂತ ಹೆದರಿದ ಮಗು ಯಾವುದು ಅಂತ ಹುಡುಕಿ, ಅದನ್ನೇ ಮುಂದೆ ಕರೆದು, ಮೊದಲ ಕೈ ಅದರದ್ದೇ ಇಡಿಸುತ್ತಾರೆ. ಕೈ ಇಟ್ಟ ಮಗುವಿಗೆ ಊರವರೆಲ್ಲ ಕೂಡಿ ಹೇಳುವ ಮಾತು ಒಂದೇ: “ಹೆದರಬ್ಯಾಡ, ಕೆಟ್ಟರ ಕೂಡಿ ಬಿಚ್ಚೋಣು!”